ಪರಮಾಣುಗಳ ಮೇಲೆ ತಾಂಬರಂ ರೈಲು

ಮದರಾಸಿಗೆ ಬಂದ ಮೂರನೆಯ ದಿನ ನಮ್ಮ ಪ್ರಯೋಗಾಲಯದ ತಂತ್ರಜ್ಞ ಏಳುಮಲೈಯವರು ನನಗೆ ಕಂಪ್ಯೂಟರಿನ ಪರದೆಯ ಮೇಲೆ ತಾಂಬರಂ ರೈಲನ್ನು ತೋರಿಸಿದರು. ನಾವಿಬ್ಬರೂ ಕೂತಿದ್ದದ್ದು ಕಿಟಕಿಯೇ ಇಲ್ಲದ ನೆಲಮಾಳಿಗೆಯ ಕೋಣೆಯಲ್ಲಿ. ರೈಲು ಹಳಿ ಅಲ್ಲಿಂದ ಏನಿಲ್ಲವೆಂದರೂ ಅರ್ಧ ಮೈಲಿ ದೂರ. ಪರದೆಯ ಮೇಲಿದ್ದದ್ದು ಕಡಲೆಬೀಜದಷ್ಟು ದೊಡ್ಡ ಗ್ರಾಫೈಟ್ ಚೂರಿನ ಮೇಲ್ಮೈ, ಅದೂ ಲಕ್ಷಾಂತರ ಪಟ್ಟು ಹಿಗ್ಗಿಸಿದ್ದು. ಬೂದು ಗೆರೆಗಳು ಒಂದರ ಕೆಳಗೊಂದು ಮೂಡುತ್ತಾ ಬರುತ್ತಿದ್ದವು. ಇದ್ದಕ್ಕಿದ್ದಂತೆ ಅವು ಗಾಳಿಗೆ ಸಿಕ್ಕ ಸೀರೆಯ ಹಾಗೆ ಅಲೆಅಲೆಯಾಗಿ, ಅರ್ಧ ನಿಮಿಷ ಕುಣಿದು, ಮತ್ತೆ ನೆಟ್ಟಗಾದವು.

"ಪಾತ್ತೀಂಗಳಾ ಮೇಡಂ? ಇದು ತಾಂಬರಂ ಫಾಸ್ಟು," ಎಂದರು ಏಳುಮಲೈ, ಗಡಿಯಾರ ನೋಡಿಕೊಂಡು. ನೋಡಿದಿರಾ ಎಂದು ಕೇಳಿದ್ದು. "ಇನ್ನಿಕ್ಕಿ ಮೂಣು ನಿಮಿಷಂ ಲೇಟು." ಇವತ್ತು ಮೂರು ನಿಮಿಷ ತಡ.

ನಾನು ಬಾಯಿ ತೆರೆದುಕೊಂಡು ಕೂತೆ. ನಮ್ಮೂರು ಕೃಷ್ಣರಾಜನಗರದಲ್ಲಿ ರೈಲು ಬಂತೆಂದರೆ ಊರಿಗೆಲ್ಲ ಕೂಗು ಕೇಳಿಸುತ್ತದೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಇಲ್ಲಿ ರೈಲಿನ ಸದ್ದು ನಮ್ಮ ಕಿವಿಗೆ ಬೀಳಲಿಲ್ಲ, ಕಾಲಿಗೂ ತಾಗಲಿಲ್ಲ. ಆದರೆ ಏಳುಮಲೈಯವರ ಯಂತ್ರಕ್ಕೆ ಗೊತ್ತಾಗಿಬಿಟ್ಟಿತ್ತು.

ಊರಿಗೆ ಹೋದಾಗಲೆಲ್ಲ ನಮ್ಮ ಬೀದಿಯವರು ಕೇಳುವ ಪ್ರಶ್ನೆ ಒಂದೇ. "ಮದ್ರಾಸಲ್ಲಿ ಅದೇನ್ ಕೆಲ್ಸ ಮಾಡ್ತೀಯೆ ಜಯಾ?" ಕಣ್ಣಿಗೆ ಕಾಣದ್ದನ್ನು ನೋಡುವ ಕೆಲಸ ಎಂದು ಒಮ್ಮೆ ಹೇಳಿ ಕೆಟ್ಟೆ. ಎದುರುಮನೆಯ ನಿಂಗಮ್ಮತ್ತೆ ತಕ್ಷಣ ಅಂಗೈ ಮುಂದೆ ಚಾಚಿ, "ಹಂಗಾರೆ ನಮ್ ಹುಡುಗೀಗೆ ಗಂಡು ಎಲ್ಲವ್ನೆ ನೋಡವ್ವ," ಎಂದರು. ಅಂಥ ನಿಂಗಮ್ಮತ್ತೆಯರಿಗೆಲ್ಲ ಒಂದೇ ಸಲ ಉತ್ತರ ಕೊಟ್ಟುಬಿಡೋಣವೆಂದು ಇದನ್ನು ಬರೆಯುತ್ತಿದ್ದೇನೆ. ಉತ್ತರದ ಜೊತೆಗೆ ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಮದರಾಸಿನ ಕತೆ ಪೂರ್ತಿಯಾಗುವುದಿಲ್ಲ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಒಂದು ವರ್ಷ ಖಾಲಿ ಕೂತಿದ್ದವಳಿಗೆ ಮದರಾಸಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ಸಹಾಯಕಿಯ ಕೆಲಸ ಸಿಕ್ಕಿತು. ಜುಲೈ ತಿಂಗಳ ಒಂದು ಬೆಳಿಗ್ಗೆ ಎರಡು ಚೀಲ, ಒಂದು ಸ್ಟವ್ ಮತ್ತು ಹತ್ತು ಸೇರು ರಾಗಿಹಿಟ್ಟಿನೊಂದಿಗೆ ಬಂದಿಳಿದೆ. ಊರಿಗೆ ಈಗ ಚೆನ್ನೈ ಎಂದು ಹೆಸರಿದ್ದರೂ ನಮ್ಮವರ ಬಾಯಲ್ಲಿ ಅದು ಮದ್ರಾಸೇ. ಪಶ್ಚಿಮ ಮಾಂಬಲದ ಹಳೆಯ ಮನೆಯೊಂದರಲ್ಲಿ ನನಗೆ ಒಂದು 'ಪೋರ್ಷನ್' ಸಿಕ್ಕಿತು. ದೊಡ್ಡ ಮನೆಯ ಒಂದು ತುಂಡನ್ನು ಬಾಡಿಗೆಗೆ ಕೊಟ್ಟರೆ ಇಲ್ಲಿ ಅದರ ಹೆಸರು ಪೋರ್ಷನ್. ನನ್ನ ಪಾಲಿಗೆ ಬಂದದ್ದು ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಹಿತ್ತಿಲ ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯುವ ಹಕ್ಕು.

ಮನೆಯೊಡತಿ ರುಕ್ಮಿಣಿ ಮಾಮಿ. ಅವರದು ಕನ್ನಡ ಮಾತಾಡುವ ವೈಷ್ಣವ ಮನೆತನ. ಮದರಾಸಿಗೆ ಬಂದು ನಾಲ್ಕನೆಯ ತಲೆಮಾರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಬಾಡಿಗೆಗೆ ಕನ್ನಡದ ಹುಡುಗಿಯೇ ಬೇಕೆಂದು ಕಾದಿದ್ದವರು, ಬಾಗಿಲಲ್ಲೇ ನಿಲ್ಲಿಸಿ, "ವಾ ಮಾ ವಾ. ಕನ್ನಡ ಕೇಳಿ ರೊಂಬ ನಾಳಾಯ್ತು. ಮೊಮ್ಮಕ್ಕಳಿಗೆ ಪುರಿಯುತ್ತೆ, ಆನಾ ತಮಿಳಲ್ಲಿ ದಾನ್ ಪದಿಲ್ ಕೊಡ್ತಾವೆ," ಎಂದರು. ಕನ್ನಡ ಕೇಳಿ ಬಹಳ ದಿನವಾಯಿತು, ಮೊಮ್ಮಕ್ಕಳಿಗೆ ಅರ್ಥವಾಗುತ್ತದೆ, ಆದರೆ ಉತ್ತರ ಕೊಡುವುದು ತಮಿಳಿನಲ್ಲೇ ಎಂಬುದು ಅವರ ಕೊರಗು. ಹಾಗೆ ಕೊರಗಿದ ಆ ವಾಕ್ಯದಲ್ಲೇ ಕನ್ನಡವೆಷ್ಟು ತಮಿಳೆಷ್ಟು ಎಂದು ನಾನು ಮನಸ್ಸಿನಲ್ಲೇ ಎಣಿಸಿ ನಕ್ಕೆ. ಆಗ ನನಗೆ ಇಪ್ಪತ್ತಮೂರು ವರ್ಷ. ಇನ್ನೊಬ್ಬರ ಕನ್ನಡವನ್ನು ನೋಡಿ ನಗುವ ವಯಸ್ಸು.

ತಮಿಳಿನ ಬಗ್ಗೆ ನನಗಿದ್ದ ಅಹಂಕಾರವೂ ಸಣ್ಣದಲ್ಲ. ಮೊದಲ ವಾರದಲ್ಲೇ ಒಂದು ಕೀಲಿಕೈ ಕಂಡುಹಿಡಿದಿದ್ದೆ. ಪಾಲ್ ಎಂದರೆ ಹಾಲು, ಪೂ ಎಂದರೆ ಹೂವು, ಪಲ್ಲು ಎಂದರೆ ಹಲ್ಲು. ಪ ಇದ್ದಲ್ಲಿ ಹ ಹಾಕಿದರೆ ಮುಗಿಯಿತು, ತಮಿಳು ಎಂದರೆ ಕನ್ನಡಕ್ಕೆ ಬೇರೆ ಅಂಗಿ ತೊಡಿಸಿದ್ದು ಎಂದು ಅಮ್ಮನಿಗೆ ಪತ್ರ ಬರೆದೆ. ಆ ಕೀಲಿಕೈ ಮೊದಲು ಕೈಕೊಟ್ಟದ್ದು ಊಟದ ಮೆಸ್ಸಿನಲ್ಲಿ. ಬಡಿಸುವವರು ಅನ್ನದ ಬುಟ್ಟಿ ಹಿಡಿದು "ಪೋದುಮಾ?" ಎಂದರು. ಪ ತೆಗೆದು ಹ ಹಾಕಿ, 'ಹೋಗೋದಾ?' ಎನ್ನುತ್ತಿದ್ದಾರೆಂದು ತಿಳಿದು, ಈಗ ತಾನೇ ಕೂತವಳನ್ನು ಹೋಗು ಅನ್ನುತ್ತಾರಲ್ಲ ಎಂದು ಜೋರಾಗಿ "ಇಲ್ಲೆ" ಎಂದೆ. ಇನ್ನೊಂದು ಹಿಡಿ ಬಿತ್ತು. ಮತ್ತೆ "ಪೋದುಮಾ?" ಮತ್ತೆ "ಇಲ್ಲೆ". ಎಲೆಯ ಮೇಲೆ ಗುಡ್ಡವೇ ಎದ್ದ ಮೇಲೆ ಪಕ್ಕದವರು, ಪೋದುಂ ಎಂದರೆ ಸಾಕು ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅಷ್ಟೂ ಉಂಡೆ. ಬಿಡುವುದಕ್ಕೆ ನಾಚಿಕೆ. ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು.

ಈಗ ಯಂತ್ರದ ವಿಷಯ. ನಮ್ಮಮ್ಮ ರವಿಕೆ ಹೊಲಿಯುತ್ತಾಳೆ. ಹೊಲಿದು ಮುಗಿಸಿದ ಬಟ್ಟೆಯ ಮೇಲೆ ಒಂದು ಸಲ ಅಂಗೈ ಆಡಿಸುತ್ತಾಳೆ, ಎಲ್ಲಾದರೂ ಗುಂಡುಸೂಜಿ ಉಳಿದಿದೆಯೇ ಎಂದು. ಕಣ್ಣು ಬೇರೆಲ್ಲೋ ಇರುತ್ತದೆ, ಕೈ ನೋಡುತ್ತಿರುತ್ತದೆ. ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್ ಎಂಬ ಉದ್ದ ಹೆಸರಿನ ಈ ಯಂತ್ರ ಮಾಡುವುದೂ ಅದನ್ನೇ. ಹೆಸರಿಗೆ ಮೈಕ್ರೋಸ್ಕೋಪ್ ಆದರೂ ಇದರಲ್ಲಿ ಕಣ್ಣಿಟ್ಟು ನೋಡುವ ಮಸೂರವಿಲ್ಲ. ಪರಮಾಣು ಬೆಳಕಿನ ಅಲೆಗಿಂತ ಸಾವಿರಾರು ಪಟ್ಟು ಚಿಕ್ಕದು, ಬೆಳಕಿಗೆ ಅದು ಸಿಕ್ಕುವುದಿಲ್ಲ. ಅದಕ್ಕೇ ಇಲ್ಲಿ ತಡವಿ ನೋಡುತ್ತಾರೆ. ಒಂದು ಲೋಹದ ತಂತಿ, ಅದರ ಮೊನೆ ಎಷ್ಟು ಚೂಪೆಂದರೆ ತುದಿಯಲ್ಲಿ ಒಂದೇ ಒಂದು ಪರಮಾಣು ಇದ್ದರೆ ಉತ್ತಮ. ಆ ಮೊನೆಯನ್ನು ಗ್ರಾಫೈಟಿನ ಮೇಲೆ ತಂದು, ಇನ್ನೇನು ತಾಗಬೇಕು ಎನ್ನುವಾಗ ನಿಲ್ಲಿಸಬೇಕು. ನಡುವೆ ಉಳಿಯುವ ಜಾಗ ಎರಡು ಮೂರು ಪರಮಾಣುಗಳಷ್ಟು.

ವಿಚಿತ್ರ ನಡೆಯುವುದು ಆ ಜಾಗದಲ್ಲಿ. ಮೊನೆಗೂ ಗ್ರಾಫೈಟಿಗೂ ಸಣ್ಣ ಬ್ಯಾಟರಿಯಷ್ಟು ವಿದ್ಯುತ್ ಒತ್ತಡ ಕೊಟ್ಟರೆ, ಎರಡೂ ತಾಗದೇ ಇದ್ದರೂ ಕರೆಂಟು ಹರಿಯುತ್ತದೆ. ಎಲೆಕ್ಟ್ರಾನುಗಳು ಗೋಡೆ ಹತ್ತದೆ, ಗೋಡೆ ಒಡೆಯದೆ, ಆಚೆ ಕಡೆ ಪ್ರತ್ಯಕ್ಷವಾಗುತ್ತವೆ. ಇದಕ್ಕೆ ಸುರಂಗವೆಂದು ಹೆಸರು. ಯಾರೂ ಅಗೆಯದ ಸುರಂಗ. ಮೊನೆ ಒಂದು ಪರಮಾಣುವಿನ ಅರ್ಧದಷ್ಟು ದೂರ ಸರಿದರೂ ಆ ಕರೆಂಟು ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿಗೆ ಇಳಿದುಹೋಗುತ್ತದೆ. ಅದಕ್ಕೇ ಅದು ಅಷ್ಟು ನಂಬಿಕೆಯ ಸಾಕ್ಷಿ. ಕರೆಂಟು ಹೆಚ್ಚಿದರೆ ಕೆಳಗೆ ಉಬ್ಬಿದೆ ಎಂದು ಮೊನೆ ಮೇಲೇಳುತ್ತದೆ, ಕಡಿಮೆಯಾದರೆ ತಗ್ಗಿದೆ ಎಂದು ಇಳಿಯುತ್ತದೆ. ಹೀಗೆ ಏರುತ್ತ ಇಳಿಯುತ್ತ, ಗದ್ದೆ ಉಳುವಂತೆ ಸಾಲು ಸಾಲಾಗಿ ಹೋಗಿ ಬರುತ್ತದೆ. ಆ ಏರಿಳಿತವನ್ನು ಬರೆದುಕೊಂಡ ಕಂಪ್ಯೂಟರು ಚಿತ್ರ ಬಿಡಿಸುತ್ತದೆ. ಮೊನೆಯನ್ನು ಅಷ್ಟು ನಾಜೂಕಾಗಿ ಅಲ್ಲಾಡಿಸುವುದು ಕೈಯಿಂದಾಗುವ ಕೆಲಸವಲ್ಲ. ವಿದ್ಯುತ್ ಕೊಟ್ಟಾಗ ಒಂದಿಷ್ಟೇ ಇಷ್ಟು ಉದ್ದವಾಗುವ ಒಂದು ಪಿಂಗಾಣಿ ಕೊಳವೆ ಇದೆ. ಮೊನೆ ಕೂರುವುದು ಅದರ ತುದಿಯಲ್ಲಿ. ಕೊಳವೆ ಸೀಮೆಸುಣ್ಣದಷ್ಟು ಸುಲಭವಾಗಿ ಮುರಿಯುತ್ತದೆ. ಇದನ್ನು ನೆನಪಿಡಿ.

ಯಂತ್ರವನ್ನು ಕೊಂಡು ತಂದಿರಲಿಲ್ಲ, ನಮ್ಮಲ್ಲೇ ಕಟ್ಟಿದ್ದು. ನಕ್ಷೆ ನಮ್ಮ ಮುಖ್ಯಸ್ಥರಾದ ಮೊಹಾಂತಿ ಸಾರ್ ಅವರದು. ಅವರು ಕಟಕದವರು, ತಮಿಳೂ ಬಾರದು, ಕನ್ನಡವಂತೂ ಇಲ್ಲ. ಕೈ ಏಳುಮಲೈಯವರದು. ಮೂವತ್ತೆಂಟು ವರ್ಷ ಸರ್ವೀಸಿನ ತಂತ್ರಜ್ಞ, ತಿರುವೊಟ್ಟಿಯೂರಿನ ಮೀನುಗಾರರ ಮನೆಯವರು. ಯಂತ್ರಕ್ಕೆ ನೆಲದ ನಡುಕ ತಾಗದಿರಲೆಂದು ಅದನ್ನು ನಾಲ್ಕು ಸ್ಪ್ರಿಂಗುಗಳಿಂದ ನೇತುಹಾಕಿದವರು ಅವರೇ. ದಿನಾ ಬೆಳಿಗ್ಗೆ ನಗರದ ಬಡಗಣ ತುದಿಯಿಂದ ಮೊದಲು ಬಸ್ಸು, ಆಮೇಲೆ ತಾಂಬರಂ ರೈಲು ಹಿಡಿದು ಬಂದು, ಮೊದಲು ಆ ಸ್ಪ್ರಿಂಗುಗಳನ್ನು ಮುಟ್ಟಿ ನೋಡುತ್ತಿದ್ದರು. ಜನವರಿ ಕೊನೆಗೆ ಅವರಿಗೆ ನಿವೃತ್ತಿ. ಎರಡು ವರ್ಷ ಕಟ್ಟಿದ ಯಂತ್ರದಲ್ಲಿ ಅಲ್ಲಿಯವರೆಗೆ ಕಂಡದ್ದು ಗುಡ್ಡ, ಬೆಟ್ಟ, ಮೆಟ್ಟಿಲು ಮತ್ತು ತಾಂಬರಂ ರೈಲು. ಪರಮಾಣು ಕಂಡಿರಲಿಲ್ಲ. "ಪೋರದುಕ್ಕುಳ್ಳ ಒರು ವಾಟಿ ಪಾತ್ತುಡಣುಂ," ಎನ್ನುತ್ತಿದ್ದರು. ಹೋಗುವುದರೊಳಗೆ ಒಂದು ಸಲ ನೋಡಿಬಿಡಬೇಕು. ಅದೊಂದೇ ಅವರ ಆಸೆ.

ನಮ್ಮಿಬ್ಬರ ಸ್ನೇಹ ಆದದ್ದು ರಾಗಿಯಿಂದ. ಮಧ್ಯಾಹ್ನ ಅವರ ಡಬ್ಬಿಯಲ್ಲಿ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ನನ್ನ ಡಬ್ಬಿಯಲ್ಲಿ ತಣ್ಣಗಾದ ಮುದ್ದೆ. ಅಂಬಲಿಯನ್ನು ಅವರು ಕೂಳು ಎನ್ನುತ್ತಿದ್ದರು. ನಮ್ಮಲ್ಲಿ ಕೂಳು ಎಂದರೆ ಬೈದು ಹಾಕುವ ಅನ್ನ ಎಂದು ನಾನು ಹೇಳಿದಾಗ ಬಹಳ ಹೊತ್ತು ನಕ್ಕರು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಹೇಳಿಕೊಟ್ಟೆ. ಅವರು ಟಂಗ್ಸ್ಟನ್ ತಂತಿಯನ್ನು ಕಾಸ್ಟಿಕ್ ಸೋಡಾ ನೀರಲ್ಲಿ ಅದ್ದಿ, ಕರೆಂಟು ಕೊಟ್ಟು, ನಡುವೆ ಸವೆದು ಸವೆದು ಕೆಳಗಿನ ತುಂಡು ಕಳಚಿ ಬೀಳುವ ಕ್ಷಣದಲ್ಲೇ ಸ್ವಿಚ್ ಆರಿಸುವುದನ್ನು ಹೇಳಿಕೊಟ್ಟರು. ಒಂದು ಕ್ಷಣ ತಡವಾದರೆ ಮೊನೆ ಮೊಂಡಾಗುತ್ತದೆ. ಅವರ ಭಾಷೆಯಲ್ಲಿ ಅದು ಮುನೈ, ನಮ್ಮಲ್ಲಿ ಮೊನೆ. ನೋಡಿ, ಎಷ್ಟು ಸುಲಭ ಎಂದು ನನ್ನ ಅಹಂಕಾರ ಇನ್ನೊಂದು ಮೆಟ್ಟಿಲು ಹತ್ತಿತು.

ಮೊನೆಯನ್ನು ಗ್ರಾಫೈಟಿನ ಹತ್ತಿರ ತರುವ ಮೊದಲ ಭಾಗ ಮಾತ್ರ ಕೈಕೆಲಸ. ನಾನು ತಿರುಪು ತಿರುಗಿಸಬೇಕು. ಏಳುಮಲೈ ದೀಪ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು. ಗ್ರಾಫೈಟ್ ಕನ್ನಡಿಯಂತೆ ಹೊಳೆಯುವುದರಿಂದ ಮೊನೆಯ ಪ್ರತಿಬಿಂಬ ಅದರಲ್ಲಿ ಕಾಣುತ್ತದೆ. ಮೊನೆ ಮತ್ತು ಪ್ರತಿಬಿಂಬ ಒಂದನ್ನೊಂದು ಮುಟ್ಟುವ ಮೊದಲು ನಿಲ್ಲಿಸಿ, ಉಳಿದದ್ದನ್ನು ಕೊಳವೆಗೆ ಬಿಡಬೇಕು. ಅವರು "ಕೀಳೆ" ಎಂದರೆ ಕೆಳಗೆ, "ಮೇಲೆ" ಎಂದರೆ ಮೇಲೆ, "ಪೋದುಂ" ಎಂದರೆ ಸಾಕು. ಮೂರು ತಿಂಗಳು ಹೀಗೇ ನಡೆಯಿತು.

ಅಕ್ಟೋಬರಿನ ಒಂದು ಮಧ್ಯಾಹ್ನ ತಿರುಪು ನನ್ನ ಕೈಯಲ್ಲಿ ಸ್ವಲ್ಪ ಜಾರಿತು. ಅವರು ಭೂತಗನ್ನಡಿಯಿಂದ ಕಣ್ಣು ತೆಗೆಯದೆ, ಹಿಂದೆಂದೂ ಹೇಳದ ಒಂದು ಮಾತನ್ನು ಅವಸರವಾಗಿ ಹೇಳಿದರು. "ಇಳು! ಇಳು, ಇಳು!"

ನಾನು ಇಳಿಸಿದೆ. ಅವರು ಇನ್ನೂ ಜೋರಾಗಿ "ಇಳುಂಗ ಮೇಡಂ" ಎಂದರು. ನಾನು ಇನ್ನೂ ಇಳಿಸಿದೆ. ಉಗುರು ಮುರಿದಷ್ಟು ಸಣ್ಣ ಸದ್ದಾಯಿತು. ಮೊನೆ ಗ್ರಾಫೈಟಿಗೆ ನುಗ್ಗಿ, ಪಿಂಗಾಣಿ ಕೊಳವೆ ಬುಡದಲ್ಲಿ ಸೀಳಿತ್ತು. ಹೊರದೇಶದಿಂದ ತರಿಸಿದ ಕೊಳವೆ ಅದು. ಇನ್ನೊಂದೇ ಒಂದು ಉಳಿದಿತ್ತು.

ಮೊಹಾಂತಿ ಸಾರ್ ಇಬ್ಬರನ್ನೂ ಕರೆದು ಕೇಳಿದರು. ನಾನು ಇಂಗ್ಲಿಷಿನಲ್ಲಿ, ಇವರು ಇಳಿಸು ಎಂದರು, ಇಳಿಸಿದೆ ಎಂದೆ. ಏಳುಮಲೈ ತಲೆಯೆತ್ತಿ ನನ್ನನ್ನು ನೋಡಿ, "ನೋ ಸಾರ್. ಐ ಸೆಡ್ ಪುಲ್," ಎಂದರು. ಎಳೆಯಿರಿ ಎಂದೆ ಎನ್ನುತ್ತಾರಲ್ಲ! ನನ್ನ ಎರಡು ಕಿವಿಯಾರೆ ಕೇಳಿದ್ದೇನೆ. ಕೆಲಸ ಕೆಟ್ಟ ಮೇಲೆ ಮಾತು ತಿರುಗಿಸುತ್ತಿದ್ದಾರೆ ಎಂದುಕೊಂಡು, "ಅವರು ಹೇಳಿದ್ದು ಖಂಡಿತ ಇಳಿಸು ಎಂದೇ," ಎಂದು ಮತ್ತೊಮ್ಮೆ ಒತ್ತಿ ಹೇಳಿದೆ. ವಿಚಾರಣೆಯ ಕಾಗದದಲ್ಲಿ ಅದು ಹಾಗೇ ದಾಖಲಾಯಿತು. ನಿವೃತ್ತಿಗೆ ಹತ್ತಿರವಾದವರ ಗಮನ ತಪ್ಪಿರಬಹುದು ಎಂದು ಮೊಹಾಂತಿ ಸಾರ್ ಅವರನ್ನು ಯಂತ್ರದಿಂದ ಬಿಡಿಸಿ ಉಗ್ರಾಣಕ್ಕೆ ಹಾಕಿದರು.

ಅಲ್ಲಿಂದ ಮುಂದಿನ ಎರಡು ತಿಂಗಳು ನನಗೆ ಮದರಾಸು ಬೇಡವಾಯಿತು. ಏಳುಮಲೈ ಊಟಕ್ಕೆ ಬೇರೆ ಮೇಜಿಗೆ ಹೋದರು. ಎದುರಾದರೆ "ಗುಡ್ ಮಾರ್ನಿಂಗ್ ಮೇಡಂ" ಎನ್ನುತ್ತಿದ್ದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಹೊಸ ಕೊಳವೆ ಕೂರಿಸಿ ನಾನೊಬ್ಬಳೇ ತಿಣುಕಿದೆ, ರೈಲು ಕಂಡಿತು, ಮತ್ತೇನೂ ಕಾಣಲಿಲ್ಲ. ನಾನು ಸತ್ಯ ಹೇಳಿದವಳು, ನನಗೇಕೆ ಹೀಗೆ ಎಂದು ಸಿಟ್ಟು ಬರುತ್ತಿತ್ತು. ಊರಿನಲ್ಲಾದರೆ ಜಗಳವಾದ ಮೂರನೇ ದಿನ ನಿಂಗಮ್ಮತ್ತೆಯಂಥ ಯಾರಾದರೂ ನಡುವೆ ಬಂದು ಇಬ್ಬರಿಗೂ ಬೈದು ರಾಜಿ ಮಾಡಿಸುತ್ತಿದ್ದರು. ಇಲ್ಲಿ ಎಲ್ಲರೂ ಮರ್ಯಾದಸ್ಥರು, ಯಾರೂ ಬಾಯಿ ಹಾಕಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಕರೆಂಟು ಹೋಯಿತು. ಮೋಟಾರು ಓಡಲಿಲ್ಲ, ತೊಟ್ಟಿಯಲ್ಲಿ ನೀರಿಲ್ಲ. ಮಾಮಿ ಹಿತ್ತಿಲ ಬಾವಿಯ ರಾಟೆಗೆ ಹಗ್ಗ ಏರಿಸಿ, ನನ್ನನ್ನು ಕರೆದರು. ಆರು ತಿಂಗಳಲ್ಲಿ ನಾನು ಆ ಬಾವಿಯಿಂದ ನೀರು ಸೇದಿದ್ದು ಅದೇ ಮೊದಲು. ಬಕೆಟ್ಟು ನೀರು ಮುಟ್ಟಿತು, ಓರೆಯಾಗಿ ತುಂಬತೊಡಗಿತು. ಕಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದ ಮಾಮಿ ಹೇಳಿದರು.

"ಹಾಂ, ಇಳು ಮಾ, ಇಳು."

ಇನ್ನೂ ತುಂಬಿಲ್ಲ, ಇಳಿಸು ಎನ್ನುತ್ತಿದ್ದಾರೆಂದು ಹಗ್ಗ ಸಡಿಲ ಬಿಟ್ಟೆ. ಬಕೆಟ್ಟು ಮುಳುಗಿತು.

"ಅಯ್ಯೋ ಇಳು ಮಾ! ಇಳು ಅಂದ್ರೆ ಬಿಡ್ತಾ ಇದ್ದೀಯಲ್ಲ?"

ಇನ್ನಷ್ಟು ಬಿಟ್ಟೆ. ಹಗ್ಗದ ತುದಿ ಕೈಗೆ ಬಂತು. ಮಾಮಿ ಬಂದು ಹಗ್ಗ ಕಿತ್ತುಕೊಂಡರು.

"ಇಳಿಸು ಅಂದ್ರಲ್ಲ ಮಾಮಿ."

"ನಾನ್ ಯಾವಾಗ ಇಳಿಸು ಅಂದೆ? ಇಳು ಅಂದೆ ಮಾ, ಇಳು. ಇಳು ಅಂದ್ರೆ..." ಅವರು ಎರಡೂ ಕೈಯಿಂದ ಹಗ್ಗ ಹಿಡಿದು ಮೇಲೆ ಜಗ್ಗಿ ತೋರಿಸಿದರು. "ಎಳಿ! ನಿಮ್ಮೂರಲ್ಲಿ ಎಳಿ ಅಂತೀರಲ್ಲ, ಅದು. ಕನ್ನಡ ಪೇಸಿ ಪೇಸಿ ನಾನೂ ತಮಿಳ್ ದಾನ್ ಪೇಸ್ತೀನಿ ಪೋಲ ಇದೆ." ಕನ್ನಡ ಎಂದುಕೊಂಡು ತಾನೂ ತಮಿಳೇ ಮಾತಾಡುತ್ತಿರುವ ಹಾಗಿದೆ ಎಂಬುದು ಅವರಿಗೂ ಆಗಲೇ ಹೊಳೆದದ್ದು.

ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಪಿ.ಯು.ಸಿ.ಯಲ್ಲಿ ಹಳಗನ್ನಡ ಹೇಳಿಕೊಟ್ಟ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ 'ೞ' ಎಂದು ಬರೆದು, ಇದು ನಾವು ಬಿಟ್ಟುಬಿಟ್ಟ ಅಕ್ಷರ, ತಮಿಳರು ಉಳಿಸಿಕೊಂಡಿದ್ದಾರೆ, ಎಂದಿದ್ದು ನೆನಪಾಯಿತು. ಬ್ಯಾಂಕಿನ ಬಾಗಿಲ ಮೇಲೆ, ಅಂಗಡಿಯ ಬಾಗಿಲ ಮೇಲೆ ಆ ಅಕ್ಷರದ 'ಇೞು' ಎಂಬ ಮಾತು ಆರು ತಿಂಗಳಿಂದ ನನ್ನ ಕಣ್ಣ ಮುಂದೆಯೇ ಇತ್ತು. ಕೆಳಗೆ ಇಂಗ್ಲಿಷಿನಲ್ಲಿ 'ಪುಲ್' ಎಂದಿರುತ್ತಿತ್ತು, ಮೇಲಿನದನ್ನು ನಾನು ಓದಲು ಕಲಿತಿರಲಿಲ್ಲ. ಮದರಾಸಿನ ಬಾಯಲ್ಲಿ ಆ ಅಕ್ಷರ ಸವೆದು ನಮ್ಮ ಳಕಾರದ ಹಾಗೇ ಕೇಳುತ್ತದೆ. ಏಳುಮಲೈಯವರ ಹೆಸರಿನಲ್ಲೂ ಅದೇ ಅಕ್ಷರ. ಅವರು ಸುಳ್ಳು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆದರೆ ಉಗ್ರಾಣಕ್ಕೆ ಹೋದವರು ಅವರು.

ಮರುದಿನ ಮೊಹಾಂತಿ ಸಾರ್ ಎದುರು ನಿಂತು ಎಲ್ಲ ಹೇಳಿದೆ. ನಾನು ಕೇಳಿದ್ದು ಅವರ ಮಾತನ್ನಲ್ಲ, ನನ್ನ ಭಾಷೆಯನ್ನು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆ ದಾಖಲೆ ತರಿಸಿ, ನನ್ನ ಕೈಯಲ್ಲೇ ತಿದ್ದುಪಡಿ ಬರೆಸಿ ರುಜು ಹಾಕಿಸಿದರು. "ಈಗ ಇದನ್ನು ನನಗೆ ಹೇಳಿದ್ದು ಸಾಕು. ಹೇಳಬೇಕಾದವರಿಗೆ ಹೋಗಿ ಹೇಳು," ಎಂದರು.

ಉಗ್ರಾಣದಲ್ಲಿ ಏಳುಮಲೈ ವಾಷರುಗಳನ್ನು ಅಳತೆವಾರು ಡಬ್ಬಿಗೆ ಹಾಕುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ತಮಿಳೆಲ್ಲ ಬಾಗಿಲಲ್ಲೇ ಉದುರಿಹೋಯಿತು. "ಸಾರ್, ಎಂಗ ಊರ್‌ಲ ಇಳಿಸುನ್ನಾ ಕೀಳೆ," ಎಂದಷ್ಟೇ ಅಂದೆ. ನಮ್ಮೂರಲ್ಲಿ ಇಳಿಸು ಎಂದರೆ ಕೆಳಗೆ.

ಅವರು ಕೈಯಲ್ಲಿದ್ದ ವಾಷರನ್ನು ಕೆಳಗಿಟ್ಟರು. "ಕೀಳೆಯಾ?" ಎಂದರು. ಎರಡು ಸಲ ತಮ್ಮಷ್ಟಕ್ಕೇ ಹೇಳಿ ನೋಡಿಕೊಂಡರು. ಇಳು. ಇಳಿಸು. ನಾನು ಅತ್ತೆ. ತಪ್ಪಾಯಿತು ಎಂಬುದಕ್ಕೆ ತಮಿಳಿನಲ್ಲಿ ಏನೆನ್ನಬೇಕೋ ತಿಳಿಯದೆ ಕನ್ನಡದಲ್ಲೇ "ತಪ್ಪಾಯ್ತು" ಎಂದೆ. ತಪ್ಪು ಎಂಬುದು ಎರಡೂ ಕಡೆ ತಪ್ಪೇ. ಅದಕ್ಕೆ ಅರ್ಥ ಹೇಳಬೇಕಾಗಲಿಲ್ಲ.

ಅವರು ತಕ್ಷಣ ಕ್ಷಮಿಸಲಿಲ್ಲ. ಮೂವತ್ತೆಂಟು ವರ್ಷದಲ್ಲಿ ತಮ್ಮ ಮಾತನ್ನು ಯಾರೂ ಕಾಗದದಲ್ಲಿ ಸುಳ್ಳು ಎಂದು ಬರೆದಿರಲಿಲ್ಲ, ಮನೆಯಲ್ಲಿ ಹೆಂಡತಿಗೂ ಹೇಳಿಲ್ಲ ಎಂದರು. ಇನ್ನೊಂದು ವಾಷರನ್ನು ಡಬ್ಬಿಗೆ ಹಾಕಿ ಅವರೇ ಮುಂದುವರಿಸಿದರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಸಮುದ್ರದ ದಡದಲ್ಲಿ ಬಲೆ ಎಳೆಯಲು ನಿಲ್ಲುತ್ತಿದ್ದರಂತೆ. ದೊಡ್ಡ ಅಲೆ ಬಂದಾಗ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದದ್ದು "ಇಳು, ಇಳು" ಎಂದೇ. ಆ ದಿನ ಮೊನೆ ಮುಳುಗುವುದು ಕಂಡಾಗ ಬಾಯಿಗೆ ಅದೇ ಬಂತು. "ಮೇಲೆನ್ನು ಸೊಲ್ಲಿಯಿರುಕ್ಕಣುಂ. ಎನ್ ತಪ್ಪುಂ ಇರುಕ್ಕು," ಎಂದರು. ಮೇಲೆ ಎನ್ನಬೇಕಿತ್ತು, ನನ್ನ ತಪ್ಪೂ ಇದೆ. ಆಮೇಲೆ ಎದ್ದು, "ವಾಂಗ ಮಾ, ಟೀ ಸಾಪ್ಪಿಡಲಾಂ," ಎಂದರು. ಟೀ ಕುಡಿಯೋಣ ಎಂದು ಕರೆದದ್ದು, ಇಲ್ಲಿ ಟೀಯನ್ನೂ ತಿನ್ನುತ್ತಾರೆ. ಅದಕ್ಕಿಂತ ದೊಡ್ಡದೊಂದು ಅದರಲ್ಲಿತ್ತು. ಆರು ತಿಂಗಳ 'ಮೇಡಂ' ಹೋಗಿ ನಾನು 'ಮಾ' ಆಗಿದ್ದೆ.

ಅವರು ಯಂತ್ರಕ್ಕೆ ಮರಳಿದರು. ಎರಡೂ ಭಾಷೆಯಲ್ಲಿ ಒಂದೇ ಆಗಿರುವ ಮಾತುಗಳನ್ನಷ್ಟೇ ಕೆಲಸದಲ್ಲಿ ಬಳಸಬೇಕೆಂದು ಇಬ್ಬರೂ ಕೂತು ಪಟ್ಟಿ ಮಾಡಿದೆವು. ಮೇಲೆ. ನಿಲ್ಲು. ಕಣ್ಣು. ಬೆರಳು. ಕಲ್ಲು. ಆಗಲೇ ರೂಢಿಯಾಗಿದ್ದ 'ಕೀಳೆ'ಯೊಂದನ್ನು ಮಾತ್ರ ಹಾಗೇ ಉಳಿಸಿಕೊಂಡೆವು. ಪಟ್ಟಿ ಯಂತ್ರಕ್ಕೆ ಬೇಕಾದ್ದಕ್ಕಿಂತ ಬಹಳ ಉದ್ದವಾಯಿತು, ಆದರೂ ನಿಲ್ಲಿಸಲು ಮನಸ್ಸಾಗಲಿಲ್ಲ. ಕೋಣೆಯ ಗೋಡೆಗೆ ಅದನ್ನು ಅಂಟಿಸಿದೆವು.

ಜನವರಿ ಬಂತು. ಪೊಂಗಲ್ ದಿನ ಮಾಮಿ, "ನಮ್ದು ಸಂಕ್ರಾಂತಿ ದಾನ್. ಆನಾ ಈ ಊರಲ್ಲಿ ಇದ್ದು ಪೊಂಗಲ್ ಬಿಡಕಾಗತ್ತಾ?" ಎಂದು ಒಂದು ತಟ್ಟೆಯಲ್ಲಿ ಎಳ್ಳುಬೆಲ್ಲ ಇಟ್ಟು, ಅಂಗಳದಲ್ಲಿ ಒಲೆ ಹೂಡಿ ಹಾಲಿಟ್ಟರು. ಹಾಲು ಉಕ್ಕಿ ಬಂದಾಗ ನಾನು ಅಭ್ಯಾಸಬಲದಿಂದ ಇಳಿಸಲು ಓಡಿದೆ. ಮಾಮಿ ನನ್ನ ಕೈ ಹಿಡಿದುಕೊಂಡರು. ಹಾಲು ಒಲೆಯ ಸುತ್ತ ಚೆಲ್ಲಿತು, ಮನೆಯವರೆಲ್ಲ "ಪೊಂಗಲೋ ಪೊಂಗಲ್" ಎಂದು ಕೂಗಿದರು. ನಮ್ಮಲ್ಲಿ ಹಾಲು ಉಕ್ಕಿದರೆ ಬೈಗುಳ, ಇಲ್ಲಿ ಹಬ್ಬ.

ಎರಡು ದಿನ ಕಳೆದು 'ಕಾಣುಂ ಪೊಂಗಲ್'. ಹಿರಿಯರನ್ನು, ನೆಂಟರನ್ನು ಹೋಗಿ ಕಾಣುವ ದಿನ. ಈ ಹೆಸರಿಗೆ ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅವತ್ತು ನಮ್ಮ ಕಟ್ಟಡಕ್ಕೆ ರಜೆ. ಲಿಫ್ಟು ನಿಂತಿರುತ್ತದೆ, ಏಸಿ ಆರಿರುತ್ತದೆ, ವರ್ಕ್‌ಶಾಪಿನ ಲೇತು ತೆಪ್ಪಗಿರುತ್ತದೆ. ನೆಲ ಇಷ್ಟು ಸುಮ್ಮನಿರುವ ದಿನ ಮತ್ತೆ ಸಿಗುವುದಿಲ್ಲವೆಂದು ಏಳುಮಲೈ ಅಪ್ಪಣೆ ಪಡೆದಿದ್ದರು. ಹೆಂಡತಿ ಸೆಲ್ವಿಯವರನ್ನೂ ಕರೆತಂದಿದ್ದರು. "ಎಲ್ಲಾರುಂ ಬೀಚುಕ್ಕು ಪೋರಾಂಗ, ಇವರು ಎನ್ನೆ ಕಲ್ಲು ಪಾಕ್ಕ ಕೂಟ್ಟಿಟ್ಟು ವಂದುಟ್ಟಾರು," ಎಂದು ಆಕೆ ನನ್ನಲ್ಲಿ ದೂರಿದರು. ಎಲ್ಲರೂ ಬೀಚಿಗೆ ಹೋಗುತ್ತಾರೆ, ಇವರು ಕಲ್ಲು ನೋಡಲು ಕರೆತಂದಿದ್ದಾರೆ.

ಗ್ರಾಫೈಟಿಗೆ ಸೆಲ್ಲೋಟೇಪ್ ಅಂಟಿಸಿ ಮೇಲಿನ ಪದರ ಸುಲಿದು ಹೊಸ ಮೈ ತೆಗೆದೆವು. ನಾನು ತಿರುಪು ಹಿಡಿದೆ, ಅವರು ಭೂತಗನ್ನಡಿ ಹಿಡಿದರು. "ಕೀಳೆ... ಕೀಳೆ... ನಿಲ್ಲು." ನಿಂತೆ. ಉಳಿದದ್ದನ್ನು ಕೊಳವೆ ನೋಡಿಕೊಂಡಿತು. ಕರೆಂಟು ಹರಿಯಿತು. ಗೆರೆಗಳು ಮೂಡತೊಡಗಿದವು. ಮೊದಲು ಬರೀ ಮಂಜು. ಮೂರನೇ ಸಲ ಇನ್ನೂ ಸಣ್ಣ ಜಾಗಕ್ಕೆ ಹೋದಾಗ ಮಂಜಿನಲ್ಲಿ ಚುಕ್ಕಿಗಳು ಕಂಡವು. ಒಂದು ಸಾಲು. ಅದರ ಕೆಳಗೆ ಇನ್ನೊಂದು ಸಾಲು, ಮೇಲಿನ ಎರಡು ಚುಕ್ಕಿಗಳ ನಡುವಿಗೆ ಒಂದೊಂದು ಚುಕ್ಕಿ ಬರುವಂತೆ.

ಏಳುಮಲೈ ಕುರ್ಚಿಯಿಂದ ಎದ್ದು ನಿಂತಿದ್ದರು. ಮೊದಲು ಬಾಯಿ ಬಿಟ್ಟವರು ಸೆಲ್ವಿ.

"ಊಡು ಪುಳ್ಳಿ," ಎಂದರು.

ಕೋಲಂ, ಅಂದರೆ ರಂಗೋಲಿ, ಹಾಕುವಾಗ ಚುಕ್ಕಿಯ ನೇರಕ್ಕೆ ಚುಕ್ಕಿ ಇಡದೆ ನಡುವೆ ಇಟ್ಟರೆ ಅದು ಊಡು ಪುಳ್ಳಿ. ನಮ್ಮಮ್ಮ ಅದನ್ನು ಸಂದು ಚುಕ್ಕಿ ಎನ್ನುತ್ತಾಳೆ. ನಾವು ನಿಜವಾಗಿ ನೋಡುತ್ತಿದ್ದದ್ದು ಪರಮಾಣುಗಳ ಸುತ್ತಲಿನ ಎಲೆಕ್ಟ್ರಾನುಗಳ ಉಬ್ಬುತಗ್ಗನ್ನು, ಅದರಲ್ಲೂ ಗ್ರಾಫೈಟ್ ತನ್ನ ಪ್ರತಿ ಎರಡು ಪರಮಾಣುಗಳಲ್ಲಿ ಒಂದನ್ನಷ್ಟೇ ಎದ್ದು ಕಾಣಿಸುತ್ತದೆ. ಇದನ್ನೆಲ್ಲ ಆಕೆಗೆ ವಿವರಿಸಬೇಕೆಂದುಕೊಂಡೆ. ಆಕೆ ಆಗಲೇ ಬೆರಳು ತೋರಿಸಿ ಸಾಲು ಎಣಿಸುತ್ತಿದ್ದರು, ಸುಮ್ಮನಾದೆ.

ಚಿತ್ರ ಅರ್ಧ ಮೂಡಿದ್ದಾಗ ಚುಕ್ಕಿಗಳ ಸಾಲು ಅಲುಗಿ ಅಲೆಯಾಯಿತು. ಏಳುಮಲೈ ಗಡಿಯಾರ ನೋಡಿದರು. ರಜೆಯಾದರೂ ತಾಂಬರಂ ರೈಲಿಗೆ ರಜೆಯಿರಲಿಲ್ಲ. ಮತ್ತೆ ಚುಕ್ಕಿಗಳು ನೆಟ್ಟಗಾಗಿ ಕೆಳಗಿನ ತನಕ ಬಂದವು. ಚೊಕ್ಕಟವಾದ ಇನ್ನೊಂದು ಚಿತ್ರ ತೆಗೆಯೋಣ, ನಿಮಗೆ ಅದನ್ನು ಕೊಡುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಅದುವುಂ ಇರುಕ್ಕಟ್ಟುಂ ಮಾ," ಎಂದರು. ಅದೂ ಇರಲಿ. ಕಣ್ಣು ಒರೆಸಿಕೊಂಡು, "ನಾನ್ ದಿನಮುಂ ವರ್ರ ವಂಡಿ," ಎಂದು ಸೇರಿಸಿದರು. ನಾನು ದಿನಾ ಬರುವ ಗಾಡಿ ಅದು.

ಅವರು ನಿವೃತ್ತರಾಗಿ ವರ್ಷಗಳಾದವು. ರೈಲು ಹಾಯ್ದುಹೋದ ಆ ಚಿತ್ರ ತಿರುವೊಟ್ಟಿಯೂರಿನ ಅವರ ಮನೆಯ ಗೋಡೆಯ ಮೇಲಿದೆ, ಕಾಣುಂ ಪೊಂಗಲ್‌ಗೆ ಹೋಗಿ ನೋಡಿ ಬರುತ್ತೇನೆ. ನಾನು ಇಲ್ಲೇ ಉಳಿದೆ. ತಮಿಳು ಓದುತ್ತೇನೆ, ಬಾಗಿಲಿನ ಮೇಲಿನ ಮಾತನ್ನು ಮೊದಲು ಮೇಲಿನ ಸಾಲಿನಲ್ಲೇ ಓದುತ್ತೇನೆ. ನನ್ನ ಕನ್ನಡದಲ್ಲೂ 'ಆನಾ', 'ದಾನ್' ನುಸುಳುತ್ತವೆಂದು ಅಮ್ಮ ಫೋನಿನಲ್ಲಿ ನಗುತ್ತಾಳೆ. ಮಾಮಿಯ ಮಾತಿಗೆ ನಾನು ನಕ್ಕ ಪಾಪ, ತೀರಿಸುತ್ತಿದ್ದೇನೆ.

ಹೋದ ಸಂಕ್ರಾಂತಿಗೆ ಒಂದು ದಿನದ ಮಟ್ಟಿಗೆ ಊರಿಗೆ ಹೋಗಿದ್ದೆ. ಅಮ್ಮ ಮೆಷಿನ್ನಿನ ಮುಂದೆ ಕೂತು ಗುಂಡಿ ಹಾಕುತ್ತಿದ್ದಳು, ನಾನು ಒಲೆಯ ಹತ್ತಿರ ನಿಂತಿದ್ದೆ. ಹಾಲು ಕೆನೆ ಒಡೆದು ಮೇಲೆ ಬರುತ್ತಿತ್ತು.

"ಇಳ್ಸೇ," ಎಂದಳು ಅಮ್ಮ ತಲೆಯೆತ್ತದೆ.

ಕೈ ಮುಂದೆ ಹೋಯಿತು, ಅಲ್ಲೇ ನಿಂತಿತು. ಯಾವ ಊರಿನ ಮಾತು ಇದು, ಇಳಿಸಬೇಕೋ ಎಳೆಯಬೇಕೋ ಎಂದು ಕೈ ಒಂದು ಕ್ಷಣ ಯೋಚಿಸಿತು. ಪಾತ್ರೆಗೂ ನನ್ನ ಬೆರಳಿಗೂ ನಡುವೆ ಕೂದಲೆಳೆಯಷ್ಟು ಜಾಗವಿತ್ತು.

"ಇಳ್ಸೇ, ಉಕ್ತದೆ!"

ಉಕ್ಕಿಬಿಟ್ಟಿತು. ಒಲೆ ಚುಂಯ್ ಎಂದಿತು. ಅಮ್ಮ ಸೂಜಿ ಕೆಳಗಿಟ್ಟು, ಅಷ್ಟು ಓದಿಸಿದರೂ ಒಂದು ಹಾಲು ಇಳಿಸೋಕೆ ಬರಲ್ವಲ್ಲ ಎಂದು ಬೈಯುತ್ತಾ ಬಟ್ಟೆ ತರಲು ಹೋದಳು. ನಾನು ಚೆಲ್ಲಿದ ಹಾಲಿನ ಮುಂದೆ ನಿಂತು, ಅವಳಿಗೆ ಕೇಳಿಸದಷ್ಟು ಮೆಲ್ಲಗೆ, "ಪೊಂಗಲೋ ಪೊಂಗಲ್," ಎಂದೆ.